ಎಡಗೈಯ ಕೊಡ

ಬಲು ಹಿಂದೆ, ಸೇತುವೆ ಅನ್ನುವ ಮಾತೇ ಇಲ್ಲದ ಕಾಲದಲ್ಲಿ, ಈಚೆ ದಡಕ್ಕೊಂದು ಊರು, ಆಚೆ ದಡಕ್ಕೊಂದು ಊರು ಇದ್ದವಂತೆ. ನಡುವೆ ಹೊಳೆ. ಹೊಳೆಯ ಮೇಲೆ ಒಂದೇ ಹರಿಗೋಲು. ಬಿದಿರು ಹೆಣೆದು ತೊಗಲು ಹೊದಿಸಿದ ದೊಡ್ಡ ಬುಟ್ಟಿಯಂಥದ್ದು. ಅದರ ಅಂಬಿಗ ಗೂಳೆಪ್ಪ.

ಬಂಡೆಗಳ ನಡುವೆ ಬಿದ್ದು ಎದ್ದು ಹರಿಯುವ ಹೊಳೆ ಅದು. ಈ ದಡದಲ್ಲಿ ಗಂಟಲು ಹರಿದುಕೊಂಡರೂ ಆ ದಡಕ್ಕೆ ಕೇಳುತ್ತಿರಲಿಲ್ಲ. ಹಾಗಾಗಿ ಜನ ಕೈಯಲ್ಲೇ ಮಾತಾಡುತ್ತಿದ್ದರು. ಎರಡೂ ಕೈ ತಲೆಯ ಮೇಲಿಟ್ಟರೆ ಸಾವು. ಸೊಂಟ ಹಿಡಿದು ಬಾಗಿದರೆ ಹೆರಿಗೆ, ಸೂಲಗಿತ್ತಿ ಬೇಕು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೂಳೆಪ್ಪನಿಗೆ ಮಾತ್ರ ಜನ ಹೇಳದೆ ಇಟ್ಟುಕೊಂಡದ್ದೂ ಗೊತ್ತಾಗುತ್ತಿತ್ತಂತೆ. ರುಮಾಲು ಬೀಸಿ ಕುಣಿಯುವವನನ್ನು ಬಿಟ್ಟು, ಮರದ ಬುಡದಲ್ಲಿ ಸುಮ್ಮನೆ ಕೂತವನ ಕಡೆಗೆ ಹರಿಗೋಲು ತಿರುಗಿಸುತ್ತಿದ್ದನಂತೆ. ಹೋಗಿ ನೋಡಿದರೆ ಅವನಿಗೆ ಹಾವು ಕಚ್ಚಿರುತ್ತಿತ್ತಂತೆ. ಹೆಣ್ಣುಮಗಳೊಬ್ಬಳು ಹರಿಗೋಲಿನಲ್ಲಿ ಯಾವ ದಡಕ್ಕೆ ಮುಖ ಮಾಡಿ ಕೂತಳು ಅನ್ನುವುದರ ಮೇಲೆ, ಗಂಡನ ಮನೆಯಲ್ಲಿ ಅವಳಿಗೆ ಸುಖವಿದೆಯೋ ಇಲ್ಲವೋ ಹೇಳುತ್ತಿದ್ದನಂತೆ.

ಅಂಥವನಿಗೆ ಒಬ್ಬಳೇ ಮಗಳು, ಹುಲಿಗೆವ್ವ. ತಾಯಿಯಿಲ್ಲದ ಕೂಸು. ಅವಳನ್ನು ಆಚೆ ದಡದ ಊರಿಗೇ ಕೊಟ್ಟ, ಕಣ್ಣ ಮುಂದೆ ಇರಲಿ ಅಂತ. ಮೊದಮೊದಲು ನಾಲ್ಕು ದಿನಕ್ಕೊಮ್ಮೆ ಮೀನು ಹಿಡಿದುಕೊಂಡು ಹೋಗಿಬರುತ್ತಿದ್ದ. ಒಂದು ದಿನ ಅವಳ ಅತ್ತೆ ಅಂದಳಂತೆ, "ಬೀಗರೇ, ಅಪ್ಪ ಅನ್ನಾಂವ ದಿನಾ ಹೊಸ್ತಿಲಕ್ಕ ಬಂದು ನಿಂತರ ಹುಡುಗಿ ಇಲ್ಲಿ ನೆಲಿ ನಿಲ್ಲಂಗಿಲ್ಲ. ಕರದಾಗ ಬರ್ರಿ."

ಗೂಳೆಪ್ಪ ಕಾಲು ಕಟ್ಟಿಹಾಕಿಕೊಂಡ. ಅವರು ಕರೆಯಲೇ ಇಲ್ಲ. ನಾಗರ ಪಂಚಮಿಗೂ ಮಗಳನ್ನು ತವರಿಗೆ ಕಳಿಸಲಿಲ್ಲ.

ಅಪ್ಪ ಮಗಳಿಗೆ ಉಳಿದದ್ದು ಆನೆಬಂಡೆ ಒಂದೇ. ಆಚೆ ದಡದ ಹೆಂಗಸರು ನೀರು ತುಂಬುವ ಜಾಗ. ಹರಿಗೋಲು ನಿಲ್ಲುವ ದಡದಿಂದ ಅದು ದೂರ, ಅದರ ಮುಂದೆಲ್ಲ ಸುಳಿ. ದಿನಾ ಹೊತ್ತು ಇಳಿಯುವಾಗ ಹುಲಿಗೆವ್ವ ಅಲ್ಲಿಗೆ ಬಂದು, ಖಾಲಿ ಹಿತ್ತಾಳೆ ಕೊಡವನ್ನು ಬಲಗೈಯಲ್ಲಿ ತಲೆಗಿಂತ ಮೇಲೆ ಎತ್ತುತ್ತಿದ್ದಳು. ಬಿಸಿಲಿಗೆ ಕೊಡ ಫಳ್ ಅನ್ನುತ್ತಿತ್ತು. ನಡುನೀರಿನಲ್ಲಿದ್ದ ಗೂಳೆಪ್ಪ ಹುಟ್ಟು ಎತ್ತಿ ತೋರಿಸುತ್ತಿದ್ದ. ಚೆನ್ನಾಗಿದ್ದೀನಪ್ಪಾ, ಅಂತ ಅದರ ಅರ್ಥ. ಇರು ಮಗಳೇ, ನಾನೂ ಇದ್ದೀನಿ, ಅಂತ ಇದರ ಅರ್ಥ.

ಸಂತೆಯಿಂದ ಬರುವ ಕಂಬಳಿ ಈರಬಸಪ್ಪ ಕೆಣಕುತ್ತಿದ್ದನಂತೆ. "ಗೂಳ್ಯಾ, ಮಗಳಿಗೆ ಹುಟ್ಟು ತೋರಿಸಿದ್ದು ಸಾಕು, ಒಂದೀಟು ನೀರಿಗೂ ತೋರಿಸು. ಇಲ್ಲಾಂದ್ರ ನಾವು ಮನಿಗಲ್ಲ, ಸಮುದ್ರಕ್ಕ ಹೋಗತೀವಿ!"

"ಹೋಗು ಮಾರಾಯ. ಸಮುದ್ರಕ್ಕೂ ಒಂದು ಕಂಬಳಿ ಮಾರಿ ಬರತೀ ನೀನು," ಅನ್ನುತ್ತಿದ್ದ ಗೂಳೆಪ್ಪ.

ಒಂದು ದಿನ ಕೊಡ ಎಡಗೈಯಲ್ಲಿ ಮೇಲೆದ್ದಿತು.

ಗೂಳೆಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹೊಸ ಬಳೆ ಇಡಿಸಿಕೊಂಡಿರಬೇಕು, ಬಲಗೈ ನೊಂದಿರಬೇಕು ಅಂದುಕೊಂಡ. ಹುಟ್ಟು ಎತ್ತಿದ. ಮರುದಿನವೂ ಎಡಗೈ. ಹಿಟ್ಟಿನ ಕೈ ಇರಬೇಕು, ರೊಟ್ಟಿ ಬಡಿಯುತ್ತಾ ಎದ್ದು ಬಂದಿರಬೇಕು ಅಂದುಕೊಂಡ. ಹುಟ್ಟು ಎತ್ತಿದ. ಕರೆಯದೆ ಹೋದರೆ ಅತ್ತೆ ಏನಂದಾಳು, ಆ ಸಿಟ್ಟು ಮಗಳ ಮೇಲೇ ತಿರುಗೀತು ಅಂತ ರಾತ್ರಿಯೆಲ್ಲ ಹೊರಳಿ, ಬೆಳಗ್ಗೆ ಎದ್ದು ಹರಿಗೋಲಿಗೇ ನಡೆದ. ಎಡಗೈ ಮೂರು ದಿನ ಅನ್ನುತ್ತಾರೆ ಕೆಲವರು, ಐದು ದಿನ ಅನ್ನುತ್ತಾರೆ ಕೆಲವರು.

ಆಮೇಲಿನ ದಿನ ಸಂತೆ. ಹರಿಗೋಲಿನಲ್ಲಿ ಏಳು ಜನ, ಎರಡು ಮೇಕೆ, ಈರಬಸಪ್ಪನ ಕಂಬಳಿ ಗಂಟು. ನಡುನೀರಿಗೆ ಬಂದಾಗ ಹುಲಿಗೆವ್ವ ಬಂಡೆಯ ಮೇಲೆ ಬಂದು ನಿಂತಳು. ಕೊಡ ಎತ್ತಲಿಲ್ಲ. ಬಗ್ಗಿ ಅದನ್ನು ಬಂಡೆಯ ಮೇಲೆ ಬೋರಲು ಹಾಕಿದಳು. ಆ ಸೀಮೆಯಲ್ಲಿ ಕೊಡ ಬೋರಲು ಹಾಕುವುದು ಸಾವಾದ ಮನೆಯಲ್ಲಿ ಮಾತ್ರ.

ಗೂಳೆಪ್ಪ ಹುಟ್ಟು ಎತ್ತಿದ. ಅವಳು ಕದಲಲಿಲ್ಲ. ಇನ್ನೊಮ್ಮೆ ಎತ್ತಿದ. ಅವಳು ನೋಡುತ್ತಲೇ ಇದ್ದಳು.

ಬಂಡೆ ಕಡೆ ತಿರುಗಿಸುತ್ತೀನಿ ಅಂದ. ಹರಿಗೋಲಿನಲ್ಲಿ ಗದ್ದಲವೆದ್ದಿತು. "ಅಲ್ಲಿ ಸುಳಿ ಐತಿ, ಇದರಾಗ ಏಳು ಜೀವ ಅದಾವ," ಅಂದ ಈರಬಸಪ್ಪ. "ನಮ್ಮನ್ನ ಇಳಿಸಿ ಹೋಗೋ ಯಪ್ಪಾ. ನಿನ್ನ ಮಗಳು ಎಲ್ಲಿ ಓಡಿ ಹೋಗತಾಳ?"

ಅದು ತಪ್ಪು ಮಾತೇನೂ ಆಗಿರಲಿಲ್ಲ. ಗೂಳೆಪ್ಪ ಅವರನ್ನು ಇಳಿಸಿದ. ಮೇಕೆಗಳನ್ನೂ ಇಳಿಸಿದ. ಒಬ್ಬನೇ ಸುಳಿ ಹಾಯ್ದು ಬಂಡೆ ಮುಟ್ಟುವಷ್ಟರಲ್ಲಿ ಅಲ್ಲಿ ಕೊಡ ಒಂದೇ ಇತ್ತು, ಬೋರಲಾಗಿ.

ಕಾಲು ಜಾರಿತು ಅಂದರು ಗಂಡನ ಮನೆಯವರು. ತಾನೇ ಇಳಿದಳು ಅಂದರು ಊರವರು. ಯಾರೋ ಹಿಂದಿನಿಂದ ಬಂದಿದ್ದರು ಅಂತಲೂ ಅಂದರು. ಮೂರನೆಯ ದಿನ ಕೆಳಗಿನ ತಿರುವಿನಲ್ಲಿ ಅವಳು ಸಿಕ್ಕಾಗ ಬಲಗೈ ಮೊಳಕೈ ಕೆಳಗೆ ಮುರಿದಿತ್ತು. ಮುರಿದು ದಿನಗಳಾಗಿದ್ದವು. ಹಳೆ ಸೀರೆಯ ಚಿಂದಿಯಲ್ಲಿ ಅವಳೇ ಒಂಟಿ ಕೈಯಿಂದ, ಹಲ್ಲಿನಿಂದ ಎಳೆದು ಕಟ್ಟಿಕೊಂಡಿದ್ದ ಗಂಟು ಇನ್ನೂ ಬಿಚ್ಚಿರಲಿಲ್ಲ.

ಪಾಪ, ಅವನಿಗೆ ತಿಳಿಯಲಿಲ್ಲ ಅಂತ ಜನ ಮರುಗಿದರು. ಗೂಳೆಪ್ಪ ತಲೆ ಅಲ್ಲಾಡಿಸಿದನಂತೆ. ತಿಳಿದಿತ್ತು. ಮೊದಲ ದಿನವೇ ತಿಳಿದಿತ್ತು. ಬಳೆ ಅಂತ, ಹಿಟ್ಟು ಅಂತ ತನಗೆ ತಾನೇ ಹೇಳಿಕೊಂಡಿದ್ದ, ಅಷ್ಟೇ. ಅವತ್ತಿನಿಂದ ಅವನು ಬಾಯಿ ಬಿಟ್ಟು ಮಾತಾಡಿದ್ದನ್ನು ಯಾರೂ ಕೇಳಲಿಲ್ಲವಂತೆ.

ಆದರೆ ಹರಿಗೋಲು ಬಿಡಲಿಲ್ಲ. ಬಂಡೆಯ ಮೇಲೆ ಕಣ್ಣಿಟ್ಟೇ ಹುಟ್ಟು ಹಾಕುತ್ತಿದ್ದ. ಈಚೆಯಿಂದ ಆಚೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಅವನಿಗೆ ಕೊಡ ಎತ್ತಿ ತೋರಿಸತೊಡಗಿದರಂತೆ. ಒಮ್ಮೆ ಬೇರೆ ಮನೆಯ ಸೊಸೆಯೊಬ್ಬಳು ಕೊಡ ಎತ್ತಿದಳಂತೆ, ಬಲಗೈಯಲ್ಲೇ, ನೆಟ್ಟಗೆ. ಆದರೆ ಎತ್ತುವ ಮುಂಚೆ ಒಂದು ಸಲ ಹಿಂದಿರುಗಿ ನೋಡಿದಳಂತೆ. ಗೂಳೆಪ್ಪ ತುಂಬಿದ ಹರಿಗೋಲನ್ನೇ ಸುಳಿಗೆ ತಿರುಗಿಸಿದ. ಜನ ಕೂಗಿಕೊಂಡರು. "ಬಾಯಿ ಮುಚ್ಚಿ ಕೂಡ್ರಿ!" ಅಂತ ಗದರಿದವನು ಕಂಬಳಿ ಈರಬಸಪ್ಪ. ಹುಡುಗಿಯನ್ನು ಹತ್ತಿಸಿಕೊಂಡಾಗ ಅವಳ ಸೆರಗಿನಡಿ ಬೆನ್ನೆಲ್ಲ ಬರೆ. ಈರಬಸಪ್ಪ ಗಂಟು ಬಿಚ್ಚಿ, ಹೊಸ ಕಂಬಳಿ ತೆಗೆದು ಅವಳಿಗೆ ಹೊದಿಸಿ, ನೀರಿನ ಕಡೆ ಮುಖ ಮಾಡಿ ಕೂತನಂತೆ. ಗೂಳೆಪ್ಪ ಹಾಗೆ ತವರಿಗೆ ಮುಟ್ಟಿಸಿದವರು ಏಳು ಮಂದಿ. ನಲವತ್ತು ಅನ್ನುವವರೂ ಇದ್ದಾರೆ.

ಅವನ ಕೊನೆಯೂ ಹೊಳೆಯಲ್ಲೇ. ಬಂಡೆ ಮುಳುಗುವಷ್ಟು ನೆರೆ ಬಂದ ದಿನ ಹರಿಗೋಲು ಬಿಟ್ಟನಂತೆ. ಅಲ್ಲಿ ಯಾರೂ ಇಲ್ಲ ಅಂತ ಜನ ಕೈ ಬೀಸಿ ಹೇಳಿದರು. ಅವನು ಬಂಡೆ ಕಡೆ ನೋಡಿ ಹುಟ್ಟು ಎತ್ತಿದ. ಮತ್ತೆ ಕಾಣಲಿಲ್ಲ.

ಈಗ ಅಲ್ಲಿ ಸೇತುವೆ ಬಂದಿದೆ. ನೀರಿಗೆ ನಲ್ಲಿಯೂ ಬಂದಿದೆ. ಆದರೂ ಈಚೆ ದಡದ ಹೆಣ್ಣನ್ನು ಆಚೆ ಕೊಡುವಾಗ, ಕಳಿಸುವ ಮುಂಚೆ ಅಪ್ಪ ಅವಳ ಕೈಗೆ ಒಂದು ಕೊಡ ಕೊಡುತ್ತಾನೆ. ಅವಳು ಅದನ್ನು ಬಲಗೈಯಲ್ಲಿ ಎತ್ತಿ ತೋರಿಸಬೇಕು. ಹುಡುಗಿ ಎಡಚಿಯಾದರೆ ಆ ಮಾತನ್ನು ಎರಡೂ ಊರಿಗೆ ಮೊದಲೇ ತಿಳಿಸಿರುತ್ತಾರೆ. ಹೊತ್ತು ಇಳಿಯುವಾಗ ಆನೆಬಂಡೆಯ ಮೇಲೆ ಕೊಡಗಳು ಏಳುತ್ತವೆ, ಕೆಂಪು, ನೀಲಿ ಪ್ಲಾಸ್ಟಿಕ್ಕಿನವು. ಈಚೆ ದಡದಲ್ಲಿ ಆ ಹೊತ್ತಿಗೆ ಯಾರಾದರೊಬ್ಬರು ಕೂತೇ ಇರುತ್ತಾರೆ. ಕೊಡ ಎಡಗೈಯಲ್ಲಿ ಎದ್ದರೆ, ಉಣ್ಣುತ್ತಿದ್ದವರೂ ಕೈ ತೊಳೆದು ಎದ್ದು ಹೊರಡುತ್ತಾರೆ. ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಮೊದಲು ಹೊಳೆ ದಾಟುತ್ತಾರೆ. ಕೇಳುವುದು ಆಮೇಲೆ.