ಹತ್ತರ ಸೊನ್ನೆ

ಪ್ರವಾಹ ತಗ್ಗಿದ ಮೇಲೆ ಶಿಷ್ಯ ಮುರುಘೇಂದ್ರ ಕೆಳಗಿನ ಊರಿಗೆ ಹೋಗಿ ಬಂದ. ಗುರುಗಳು ಆಶ್ರಮದ ಮುಂದೆ, ಹೊಳೆಯ ದಡದಲ್ಲಿ ಕೂತಿದ್ದರು. ಅವನು ಕೂರಲಿಲ್ಲ.

ನೀರು ಏರಿದರೆ ಆ ಊರಿನಲ್ಲಿ ಸೈರನ್ ಕೂಗಿಸುವ ಕಂಪ್ಯೂಟರ್ ಪ್ರೋಗ್ರಾಂ ಅವನು ಬರೆದದ್ದು. ದೋಣಿ ನಡೆಸುವ ಫಕೀರವ್ವ ಹೊಳೆಯ ಮಟ್ಟವನ್ನು ಮೊಬೈಲಿನಲ್ಲಿ ಕನ್ನಡ ಅಂಕಿಯಲ್ಲಿ ಬರೆದು ಕಳಿಸುತ್ತಿದ್ದಳು. ಪ್ರವಾಹ ಬಂದ ದಿನ ಹತ್ತು ಅಡಿ ಎಂದು ಕಳಿಸಿದ್ದಳು. ಸೈರನ್ ಕೂಗಲಿಲ್ಲ. ನೀರು ಅವಳ ಮಗಳನ್ನೇ ಒಯ್ದಿತ್ತು.

ತಪ್ಪು ಎಲ್ಲಾಯಿತು ಎಂದು ಗುರುಗಳು ಕೇಳಿದರು.

ಅಂಕಿ ಓದುವ ಭಾಗ ತಾನು ಬರೆದದ್ದಲ್ಲ, ಯಾರೋ ಬರೆದು ಎಲ್ಲರಿಗೂ ಉಚಿತವಾಗಿ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ ಪ್ಯಾಕೇಜು, ಸಿದ್ಧ ಕೋಡು ಎಂದ ಶಿಷ್ಯ. ಫಕೀರವ್ವ ಒಂದರ ಪಕ್ಕ ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದಳು. ಅದು ಅಂಕಿಯಲ್ಲ, ಅಕ್ಷರವೆಂದು ಕೈಬಿಟ್ಟ ಪ್ಯಾಕೇಜು, ಒಂದೇ ಅಡಿ ಎಂದು ಓದಿತ್ತು.

"ಕೈತಪ್ಪು ಅವಳದೇ, ಗುರುಗಳೇ."

ಗುರುಗಳು ಕೆಸರಿನಲ್ಲಿ ಬೆರಳಿನಿಂದ ಒಂದು ಎಂಬ ಅಂಕಿ ಬರೆದು, ಪಕ್ಕದಲ್ಲಿ ಸಣ್ಣ ಸುತ್ತು ಎಳೆದರು.

"ಓದು."

"ಹತ್ತು."

"ಇದು ಸೊನ್ನೆಯೋ, ಅನುಸ್ವಾರವೋ?"

ಶಿಷ್ಯ ಬಗ್ಗಿ ನೋಡಿದ. ಹೇಳಲಾಗಲಿಲ್ಲ.

"ಅವಳು ಏನಂದಳು?"

"'ನಾ ಸೊನ್ನೀನ ಒತ್ತೇನಿ ತಮ್ಮಾ' ಅಂದಳು."

"ಶಾಲೆಯಲ್ಲಿ ನಿನಗೆ ಹೇಗೆ ಕಲಿಸಿದರು?"

ಶಿಷ್ಯ ತಡೆದು ಹೇಳಿದ. "ಅ-ಕ್ಕೆ ಸೊನ್ನೆ ಕೊಟ್ಟರೆ ಅಂ."

"ಅವಳಿಗೂ ಹಾಗೇ ಕಲಿಸಿದರು."

ಆಮೇಲೆ ಶಿಷ್ಯ ತಾನಾಗಿಯೇ ಮಿಕ್ಕದ್ದನ್ನು ಹೇಳಿದ. ಆ ಪ್ಯಾಕೇಜನ್ನು ಸಾವಿರಾರು ಜನ ಇಳಿಸಿಕೊಂಡಿದ್ದರು. ಆ ಎಣಿಕೆ ನೋಡಿಯೇ ಅವನು ನಂಬಿದ್ದ, ಒಳಗೆ ಏನಿದೆ ಎಂದು ಓದಿರಲಿಲ್ಲ. ಇದೇ ದೋಷವನ್ನು ಯಾರೋ ಒಬ್ಬರು ಹಿಂದೆಯೇ ಅದರ ಪುಟದಲ್ಲಿ ಬರೆದಿದ್ದರು. ಉತ್ತರ ಬಂದಿರಲಿಲ್ಲ.

"ಅದನ್ನು ನೀನು ಯಾವಾಗ ನೋಡಿದೆ?"

"ಬಳಸುವ ಮೊದಲೇ. ಇಷ್ಟೊಂದು ಜನ ಇದ್ದಾರಲ್ಲ, ಯಾರಾದರೂ ಸರಿಮಾಡಿರುತ್ತಾರೆ ಅಂದುಕೊಂಡೆ."

"ಆ ಯಾರಾದರೂ ಯಾರು?"

ಆ ಪ್ಯಾಕೇಜನ್ನು ಈಗ ತನ್ನ ಪ್ರೋಗ್ರಾಂನಿಂದ ತೆಗೆದುಹಾಕಿದ್ದೇನೆ ಎಂದ ಶಿಷ್ಯ.

"ಇಳಿಸಿಕೊಂಡವರ ಎಣಿಕೆಯಿಂದ ನಿನ್ನನ್ನೂ ತೆಗೆದೆಯಾ?"

"ಅದು ಆಗುವುದಿಲ್ಲ ಗುರುಗಳೇ. ಒಮ್ಮೆ ಸೇರಿದರೆ ಸೇರಿದ ಹಾಗೇ."

"ಹಾಗಾದರೆ ನಾಳೆ ಇನ್ನೊಬ್ಬ ಬಂದು ನಿನ್ನನ್ನು ನಂಬುತ್ತಾನೆ."