ಮೊದಲು ಇಳಿದ ಸಾಹೇಬರ ಸೋಫಾ

ಮೂವತ್ತು ದೇಶಗಳಲ್ಲಿ ಬಂದರು ನಡೆಸುವ ಕಂಪನಿ ನಮ್ಮ ಬಂದರನ್ನೂ ವಹಿಸಿಕೊಂಡಿತು. ಹೊಸ ಸಾಹೇಬರು ಬಂದವರೇ ಅಪ್ಪಣೆ ಹೊರಡಿಸಿದರು. "ಇಳಿಸಿಟ್ಟ ಕಂಟೇನರನ್ನು ಅದರ ಲಾರಿ ಬರುವ ತನಕ ಕ್ರೇನು ಮುಟ್ಟಕೂಡದು. ವ್ಯರ್ಥ ಎತ್ತಾಟ ನಿಲ್ಲಿಸಿಯೇ ನಾವು ಇಷ್ಟು ಬೆಳೆದದ್ದು."

ಅಡಿಯ ಕಂಟೇನರನ್ನು ತೆಗೆಯಲು ಅದರ ಮೇಲಿನದನ್ನು ಸರಿಸಿದ ಕ್ರೇನ್ ಡ್ರೈವರ್ ಲ್ಯಾನ್ಸಿ ಮರುದಿನವೇ ಕೆಲಸ ಕಳೆದುಕೊಂಡ.

ಅಷ್ಟರಲ್ಲಿ ಸಾಹೇಬರ ಸೋಫಾ, ಮಂಚ ಎಲ್ಲ ಹಡಗಿನಲ್ಲಿ ಬಂದವು. "ಎಲ್ಲರದಕ್ಕಿಂತ ಮೊದಲು ನನ್ನ ಕಂಟೇನರ್ ಇಳಿಯಬೇಕು" ಎಂದರು.

"ಆಗಲಿ ಸಾರ್" ಎಂದ ಯಾರ್ಡಿನ ಗುಮಾಸ್ತ ವಾಮನ. ಮೊದಲು ಅದನ್ನೇ ಇಳಿಸಿದ. ಅದರ ಮೇಲೆ ಇನ್ನೂ ನಾಲ್ಕು ಪೇರಿಸಿದ.

ಮರುದಿನ ಸಾಹೇಬರು ಲಾರಿ ತಂದು ನಿಂತರು. "ನನ್ನದೆಲ್ಲಿ?"

"ಎಲ್ಲಕ್ಕಿಂತ ಅಡಿಯಲ್ಲಿ ಸಾರ್. ಮೊದಲು ಇಳಿದದ್ದಲ್ಲವೇ?"

"ಮೇಲಿನವನ್ನು ಎತ್ತಿಸು."

"ಅವುಗಳ ಲಾರಿ ಇನ್ನೂ ಬಂದಿಲ್ಲ ಸಾರ್. ಮುಟ್ಟಲು ಡ್ರೈವರುಗಳಿಗೆ ಹೆದರಿಕೆ. ಹೆದರದೆ ಎತ್ತಿದವನು ಲ್ಯಾನ್ಸಿ ಒಬ್ಬನೇ. ಅವನನ್ನು ನೀವೇ ಮನೆಗೆ ಕಳಿಸಿದಿರಿ."

ಸಾಹೇಬರು ಆ ನಾಲ್ಕನ್ನೂ ಕತ್ತೆತ್ತಿ ನೋಡಿದರು. ಮನೆಯಲ್ಲಿ ಅವರ ಹೆಂಡತಿ ಚಾಪೆಯ ಮೇಲೆ ಕೂತು ಕಾಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಲ್ಯಾನ್ಸಿ ಮತ್ತೆ ಕ್ರೇನಿನಲ್ಲಿದ್ದ. ಅಪ್ಪಣೆಯ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ತಿಂಗಳ ಕೊನೆಗೆ ಸಾಹೇಬರು ಹೆಡ್ಡಾಫೀಸಿಗೆ ವರದಿ ಕಳಿಸಿದರು. "ನಮ್ಮ ಕ್ರೇನುಗಳಿಗೆ ಈಗ ಬಿಡುವೇ ಇಲ್ಲ. ಬಂದರು ಬೆಳೆಯುತ್ತಿದೆ."