ಉಗ್ರಾಣದ ಎರಡು ಬಾಗಿಲು

"ಬುದ್ಧೀ, ಉಗ್ರಾಣದ ಬಾಗಿಲು ತೆರೆಯಲೇಬೇಕೆ?" ಎಂದು ಶಿಷ್ಯ ಸಿದ್ಧವೀರ ಗುರುಗಳನ್ನು ಕೇಳಿದ.

ಬೀಗದ ಕೈಗಳು ಅವನ ಸೊಂಟದಲ್ಲಿದ್ದವು. ಮಠದ ದೋಣಿಗಳು ಭತ್ತ ಕೊಟ್ಟು ತಂದ ವರ್ಷದ ಉಪ್ಪೆಲ್ಲ ಹೊಳೆದಂಡೆಯ ಆ ಕಲ್ಲುಕಟ್ಟಡದಲ್ಲಿತ್ತು. ಅದಕ್ಕೆ ನೀರು ಬರುವ ಕಡೆಗೊಂದು ಬಾಗಿಲು, ಹೋಗುವ ಕಡೆಗೊಂದು ಬಾಗಿಲು. ಹೊಳೆ ಉಕ್ಕಿ ದಂಡೆಯ ಮೆಟ್ಟಿಲಲ್ಲಿ ಕೆತ್ತಿದ ಮೀನು ಮುಳುಗಿತೆಂದರೆ ಎರಡನ್ನೂ ತೆರೆದಿಡಬೇಕು. ಅದು ಹಿರಿಯರ ಕಟ್ಟಳೆ. ಮೀನು ಬೆಳಿಗ್ಗೆಯೇ ಮುಳುಗಿತ್ತು. ಕಾಯಲು ಕೊಟ್ಟ ಉಪ್ಪನ್ನು ಕೈಯಾರೆ ಹೊಳೆಗೆ ಬಿಡಲು ಅವನಿಗೆ ಮನಸ್ಸು ಬರಲಿಲ್ಲ.

"ಸಂದುಗಳಿಗೆ ಮಣ್ಣು ಮೆತ್ತಿಸಿ, ಒಳಗೆ ಆಳುಗಳನ್ನು ಕಾವಲಿಡುತ್ತೇನೆ," ಎಂದ.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಇದೇ ದಂಡೆಯಲ್ಲಿ ಒಬ್ಬ ವರ್ತಕನಿದ್ದ. ಮಠದ ಉಗ್ರಾಣದ ಪಕ್ಕದಲ್ಲೇ, ಅದಕ್ಕಿಂತ ದಪ್ಪ ಗೋಡೆಯ ಉಗ್ರಾಣ ಕಟ್ಟಿಸಿದ್ದ. ಒಂದು ಮಳೆಗಾಲ ಹೊಳೆ ಉಕ್ಕಿತು. ಮಠದ ಪಾರುಪತ್ಯಗಾರ ಹೊರಲಾದಷ್ಟು ಉಪ್ಪನ್ನು ದಿಬ್ಬಕ್ಕೆ ಸಾಗಿಸಿ ಎರಡೂ ಬಾಗಿಲು ತೆರೆದ. ತೆರೆಯುವಾಗ ಅವನಿಗೆ ಅಳು ಬಂದಿತ್ತು.

ವರ್ತಕ ನಕ್ಕ. "ಅಲ್ಲ ಅಯ್ಯನವರೇ, ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ಅದನ್ನೇ ಹೊಳೆಗೆ ಉಣಿಸ್ತೀರಲ್ಲ!"

"ಹೊಳೆಗೆ ಬೇಕಾದ್ದು ಉಪ್ಪಲ್ಲ ಶೆಟ್ಟರೇ, ದಾರಿ. ನಿಮ್ಮ ಆಳುಗಳನ್ನಾದರೂ ಹೊರಗೆ ಕರೀರಿ."

ವರ್ತಕ ಕರೆಯಲಿಲ್ಲ. ಅವರ ಕೈಯಿಂದ ಒಳಗಿನಿಂದಲೇ ಬಾಗಿಲಿಗೆ ಮಣ್ಣು ಮೆತ್ತಿಸಿದ. ಮಠದ ಉಗ್ರಾಣದೊಳಗೆ ನೀರು ಹೊಕ್ಕಿತು, ಉಪ್ಪನ್ನು ಕರಗಿಸಿಕೊಂಡು ಆಚೆ ಬಾಗಿಲಿನಿಂದ ಹೊರಟುಹೋಯಿತು. ವರ್ತಕನ ಗೋಡೆಯ ಹೊರಗೆ ಮಾತ್ರ ಒತ್ತುತ್ತ ಏರಿತು. ಸಂಜೆಗೆ ಗೋಡೆ ಕುಸಿಯಿತು. ಒಳಗಿದ್ದವರಲ್ಲಿ ಒಬ್ಬನೂ ಬದುಕಲಿಲ್ಲ.

ಆ ವರ್ಷ ಮಠದ ಪಂಕ್ತಿಯಲ್ಲಿ ಸಪ್ಪೆ ಊಟ. ಬಂದವರು ಗೊಣಗಿದರು, ಉಂಡು ಹೋದರು. ಎಲ್ಲ ಕಳೆದುಕೊಂಡ ವರ್ತಕನೂ ಅಲ್ಲಿಗೇ ಉಣ್ಣಲು ಬಂದ. ಎದುರು ಸಾಲಿನಲ್ಲಿ ಅವನ ಆಳುಗಳ ಮಕ್ಕಳು ಕೂತಿದ್ದರು. ಅವನಿಗೆ ಎಲೆಯಿಂದ ತಲೆಯೆತ್ತಲಾಗಲಿಲ್ಲ.

ಸಿದ್ಧವೀರ ಬೀಗದ ಕೈಗಳನ್ನು ಮುಟ್ಟಿ ನೋಡಿಕೊಂಡ. ಮನಸ್ಸು ಇನ್ನೂ ಪೂರ್ತಿ ಒಪ್ಪಿರಲಿಲ್ಲ.

"ಅಷ್ಟು ದಪ್ಪ ಗೋಡೆಯ ಕಟ್ಟಡ ಎಂದಿರಿ ಬುದ್ಧೀ. ದಂಡೆಯಲ್ಲಿ ಅದರ ಗುರುತೇ ಇಲ್ಲವಲ್ಲ?"

ಗುರುಗಳು ಹೇಳಿದರು: "ನೀನು ದಿನಾ ಬಟ್ಟೆ ಒಗೆಯುವ ಕಲ್ಲು ಇದೆಯಲ್ಲ ಮರಿ, ಅದು ಅವನ ಹೊಸ್ತಿಲು."